ಸೈಕಲ್ ಮುಗಿದರೂ ಮುಗಿಯದ ಲೆಕ್ಕ

ದುಗ್ಗಮ್ಮನ ಜಾತ್ರೆಯ ಕುಸ್ತಿಗೆ ಪೈಲ್ವಾನರನ್ನು ಅಣಿಗೊಳಿಸುತ್ತಿದ್ದ ಗರಡಿಮನೆಗಳ ಊರಾದ ದಾವಣಗೆರೆಯಲ್ಲಿ, ವಿದ್ಯಾನಗರದಿಂದ ನೆರೆಯ ಹರಿಹರದವರೆಗೆ, ಮೈ ಬೆಳೆಸುವ ಅಭ್ಯಾಸ ಈಗ ಬಹುಮಟ್ಟಿಗೆ ಜಿಮ್‌ಗಳ ಪಾಲಾಗಿದ್ದು, ಜಿಮ್ ಲೋಕದ ‘ಸೈಕಲ್’ ಎಂಬ ಮಾತಿಗೆ ಅಲ್ಲಿ ವಿವರಣೆ ಬೇಕಿಲ್ಲ. ಟೆಸ್ಟೋಸ್ಟೆರಾನ್ ಎಂಬ ಪುರುಷ ಹಾರ್ಮೋನಿನ ಕೃತಕ ರೂಪಗಳಾದ ಅನಬಾಲಿಕ್ ಸ್ಟೀರಾಯ್ಡ್‌ಗಳನ್ನು ಕೆಲವು ವಾರ ತೆಗೆದುಕೊಂಡು, ಮತ್ತೆ ಕೆಲವು ವಾರ ಬಿಡುವ ಕ್ರಮಕ್ಕೆ ಈ ಹೆಸರು. ಬಿಡುವಿನಲ್ಲಿ ಯಕೃತ್ತು ಸುಧಾರಿಸಿಕೊಳ್ಳುತ್ತದೆ, ಉಳಿದದ್ದನ್ನು ‘ಲಿವರ್ ಸಪೋರ್ಟ್’ ಮಾತ್ರೆ ನೋಡಿಕೊಳ್ಳುತ್ತದೆ ಎಂಬ ನಂಬಿಕೆಯ ಮೇಲೆ ನಿಂತಿರುವ ಈ ಲೆಕ್ಕಾಚಾರ ಬಳಸಿದವರ ದೇಹದಲ್ಲೇ ಮತ್ತೆ ಮತ್ತೆ ತಪ್ಪಿದೆ.

ನುಂಗಿದ ಟೆಸ್ಟೋಸ್ಟೆರಾನ್ ಯಕೃತ್ತನ್ನು ದಾಟುವಷ್ಟರಲ್ಲೇ ಬಹುಪಾಲು ನಾಶವಾಗುವುದರಿಂದ, ಅದರ ಅಣುವಿನ 17ನೆಯ ಇಂಗಾಲಕ್ಕೆ ಮೀಥೈಲ್ ಗುಂಪನ್ನು ಸೇರಿಸಿ, ಯಕೃತ್ತು ಸುಲಭವಾಗಿ ಒಡೆಯಲಾರದ ಮಾತ್ರೆಗಳನ್ನು ರೂಪಿಸಲಾಯಿತು; 1958ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂದ ಮೆಥಾಂಡಿಯನೋನ್ ಈ ಜಾತಿಯದು. ಮಾತ್ರೆಗೆ ಬಲ ಕೊಟ್ಟ ಆ ಜೋಡಣೆಯೇ ಪಿತ್ತರಸದ ಹರಿವನ್ನು ಕುಂಠಿಸಿ ಕೊಲೆಸ್ಟಾಸಿಸ್ ಎಂಬ ಸ್ಥಿತಿಯನ್ನು ತರಬಲ್ಲದು. ಆಗ ಕಣ್ಣು ಹಳದಿಯಾಗಿ, ಮೂತ್ರ ಗಾಢವಾಗಿ, ನಿದ್ದೆಗೆಡಿಸುವ ತುರಿಕೆ ಹತ್ತಿಕೊಂಡು, ಮಾತ್ರೆ ನಿಲ್ಲಿಸಿದ ಮೇಲೂ ಕಾಮಾಲೆ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಉಳಿಯುತ್ತದೆ. ದೇಹದ ಸ್ವಂತ ಹಾರ್ಮೋನು ಉತ್ಪಾದನೆ ಮರಳುವುದಕ್ಕೂ ತಿಂಗಳುಗಳೇ ಬೇಕಾಗುವುದರಿಂದ, ಸ್ಪರ್ಧೆಯ ದಿನಾಂಕ ನೋಡಿ ಹಾಕಿದ ಬಿಡುವು ಸಾಲುವುದಿಲ್ಲ.

ರಕ್ತಪರೀಕ್ಷೆಯೂ ಮೋಸಗೊಳಿಸಬಲ್ಲದು. ಎಸ್‌ಜಿಒಟಿ, ಎಸ್‌ಜಿಪಿಟಿ ಎಂಬ ಕಿಣ್ವಗಳು ಭಾರಿ ವ್ಯಾಯಾಮದಿಂದ ದಣಿದ ಸ್ನಾಯುಗಳಿಂದಲೂ ಹೊರಬರುತ್ತವೆ. ಕೊಲೆಸ್ಟಾಸಿಸ್‌ನಲ್ಲಾದರೋ ಅವು ಅಲ್ಪಸ್ವಲ್ಪ ಮಾತ್ರ ಏರಿರಬಹುದು. ಆದ್ದರಿಂದ ಬಿಲಿರುಬಿನ್ ಮತ್ತು ಜಿಜಿಟಿ ಪ್ರಮಾಣವನ್ನೂ ನೋಡದೆ ಯಕೃತ್ತಿನ ಬಗ್ಗೆ ತೀರ್ಮಾನಿಸುವಂತಿಲ್ಲ.

ಮಿಲ್ಕ್ ಥಿಸಲ್ ಗಿಡದ ಸಿಲಿಮರಿನ್ ಆಗಲಿ, ಟಡ್ಕಾ ಎಂಬ ಪಿತ್ತಾಮ್ಲವಾಗಲಿ, 1955ರಿಂದ ಮನೆಮಾತಾಗಿರುವ ಲಿವ್‌-52 ಆಗಲಿ ಸ್ಟೀರಾಯ್ಡ್‌ನ ಹಾನಿಯನ್ನು ತಡೆಯುತ್ತದೆ ಎನ್ನಲು ಗಟ್ಟಿ ಪುರಾವೆಯಿಲ್ಲ. ತಡೆಯುತ್ತದೆಂದು ವಾದಕ್ಕೆ ಒಪ್ಪಿಕೊಂಡರೂ, ಅದೇ ಸ್ಟೀರಾಯ್ಡ್ ಒಳ್ಳೆಯ ಕೊಲೆಸ್ಟರಾಲನ್ನು ಕುಗ್ಗಿಸಿ ಹೃದಯದ ಗೋಡೆಯನ್ನು ದಪ್ಪಗಾಗಿಸುವುದಕ್ಕೆ ಯಕೃತ್ತಿನ ಮಾತ್ರೆಯಲ್ಲಿ ಉತ್ತರವೆಲ್ಲಿದೆ? ಡಬ್ಬಿಯ ಲೇಬಲ್ಲೇ ಎಲ್ಲವನ್ನೂ ಹೇಳುತ್ತದೆಂದು ನಂಬುವವರು ಉಡುಪಿ ಜಿಲ್ಲೆಯ ಓಟಗಾರ್ತಿ ಅಶ್ವಿನಿ ಅಕ್ಕುಂಜಿ ಅವರ ಪ್ರಕರಣವನ್ನು ಗಮನಿಸಬೇಕು: 2011ರಲ್ಲಿ ಸ್ಟೀರಾಯ್ಡ್ ಪತ್ತೆಯಾದಾಗ, ತರಬೇತುದಾರರು ಕೊಟ್ಟ ಜಿನ್ಸೆಂಗ್ ಪೂರಕದಿಂದ ಅದು ಮೈಸೇರಿತೆಂಬ ವಾದ ಮಂಡನೆಯಾದರೂ, 2012ರಲ್ಲಿ ಕ್ರೀಡಾ ನ್ಯಾಯಮಂಡಳಿಯು ನಿಷೇಧವನ್ನು ಎರಡು ವರ್ಷಕ್ಕೆ ಏರಿಸಿತು.

ಕಾಮಾಲೆ ಎಂದರೆ ನೆಲನೆಲ್ಲಿ ಅರೆದು ಕುಡಿಸುವ ರೂಢಿಯಿರುವ ಮನೆಗಳಲ್ಲಿ ಹುಡುಗರು ಸ್ಟೀರಾಯ್ಡ್‌ನ ಸಂಗತಿಯನ್ನು ಮುಚ್ಚಿಡುವುದರಿಂದ, ವೈದ್ಯರು ಹೆಪಟೈಟಿಸ್ ವೈರಸ್ ಹುಡುಕುತ್ತಲೇ ದಿನಗಳು ಕಳೆದುಹೋಗುತ್ತವೆ. ಇಂಥ ಕಾಮಾಲೆಗೆ ಮೊದಲ ಚಿಕಿತ್ಸೆ ಮಾತ್ರೆಯನ್ನು ನಿಲ್ಲಿಸುವುದೇ ಆಗಿರುವುದರಿಂದ, ಕಣ್ಣು ಹಳದಿಯಾದವರು ತಾವು ನುಂಗಿದ ಪ್ರತಿಯೊಂದು ಮಾತ್ರೆಯ ಸ್ಟ್ರಿಪ್ಪನ್ನೂ, ಪುಡಿಯ ಡಬ್ಬಿಯನ್ನೂ ವೈದ್ಯರ ಮೇಜಿನ ಮೇಲೆ ಇಡಲಿ.