ರೋಟಾವೇಟರ್ ಬಿಚ್ಚುವಾಗಲೇ ಮತ್ತೆ ಜೋಡಿಸೋದನ್ನ ನೆನಪಿಡಿ

ರೋಹಿಣಿ ಮಳೆ ಬಿತ್ತಂದ್ರೆ ನಮ್ಮ ಕಡೆ ಮಿನಿ ಟ್ರ್ಯಾಕ್ಟರಿಗೆ ಪುರುಸೊತ್ತಿಲ್ಲ. ಮುಂಜಾನೆ ಟಿಲ್ಲರ್, ಮಧ್ಯಾಹ್ನ ರೋಟಾವೇಟರ್, ಮರುದಿನ ಗೋವಿನಜೋಳದ ಕೂರಿಗೆ. ಎರಡು ದಿನದಲ್ಲಿ ನಾಲ್ಕು ಸಲ ಬಿಚ್ಚಿ ಕಟ್ಟಬೇಕು. ಅವಸರದಲ್ಲಿ ಬಿಚ್ಚಿ ಎಸೆದು ಹೋದವರೇ, ಮತ್ತೆ ಜೋಡಿಸೋವಾಗ ಸುತ್ತಿಗೆ ಹಿಡಿದು ಒಂದು ತಾಸು ಬೆವರು ಸುರಿಸ್ತಾರೆ. ನಾನೂ ಸುರಿಸಿದ್ದೇನೆ.

ಮೊದಲು ಜಾಗ ನೋಡ್ರಿ. ಸವಣೂರು ಕಡೆಯ ಎರೆ ಭೂಮಿಯಲ್ಲಿ ರೋಟಾವೇಟರ್ ಇಳಿಸಿ ಬಿಟ್ಟರೆ, ಒಂದು ಮಳೆಗೆ ಒಂದು ಬದಿ ಹುಗಿದು ಓರೆಯಾಗುತ್ತದೆ. ಆಮೇಲೆ ಪಿನ್ನು, ತೂತು ಒಂದಕ್ಕೊಂದು ಕೂಡೋದೇ ಇಲ್ಲ. ಹಾನಗಲ್ಲಿನ ಭತ್ತದ ಗದ್ದೆ ಬದುವಿನಲ್ಲೂ ಇದೇ ಕಥೆ. ಗಟ್ಟಿ, ಸಮತಟ್ಟಾದ ಕಣದಲ್ಲೇ ಬಿಚ್ಚಿ. ಹಾಗೆ ಜಾಗ ಇಲ್ಲದಿದ್ದರೆ ಕೆಳಗೆ ಅಗಲವಾದ ಹಲಗೆ ಹಾಕಿ, ಸ್ಟ್ಯಾಂಡ್ ಇಳಿಸಿ.

ರೋಟಾವೇಟರ್ ಪೂರ್ತಿ ನೆಲಕ್ಕಿಳಿಸಿ, ಪಿಟಿಒ ಬಂದ್ ಮಾಡಿ, ಎಂಜಿನ್ ಆರಿಸಿ, ಹ್ಯಾಂಡ್ ಬ್ರೇಕ್ ಎಳೆದು, ಕೀಲಿ ಕಿಸೆಯಲ್ಲಿ ಇಟ್ಟುಕೊಳ್ಳಿ. ಕೀಲಿ ಕಿಸೆಯಲ್ಲೇ ಯಾಕೆ ಅಂದ್ರೆ, ನಾನು ಕೆಳಗೆ ಕೈ ಹಾಕಿದ್ದಾಗ ಮನೆ ಹುಡುಗ ಸೀಟಿಗೇರಿ ಲಿವರ್ ಮುಟ್ಟಿದ. ಎಂಜಿನ್ ಚಾಲೂ ಇತ್ತು. ಎಡಗೈ ಬೆರಳಿನ ಉಗುರು ಹೋಯಿತು, ಬೆರಳು ಉಳಿಯಿತು. ತಪ್ಪು ಅವನದಲ್ಲ, ಎಂಜಿನ್ ಆರಿಸದೆ ಇಳಿದ ನನ್ನದು.

ಬಿಚ್ಚುವಾಗ ಮೊದಲು ಪಿಟಿಒ ಶಾಫ್ಟ್. ಲಾಕ್ ಪಿನ್ ಒತ್ತಿ ಹಿಂದಕ್ಕೆ ಎಳೀರಿ. ಬಿಗಿದಿದ್ದರೆ ಶಾಫ್ಟನ್ನು ಕೈಯಿಂದ ಸ್ವಲ್ಪ ಆಚೀಚೆ ತಿರುಗಿಸಿ, ಬಡೀಬೇಡಿ. ಆಮೇಲೆ ಟಾಪ್ ಲಿಂಕ್. ಅದರ ಮೇಲೆ ಎಳೆತ ಇದ್ದರೆ ಪಿನ್ ಬರೋದಿಲ್ಲ. ನಡುವಿನ ತಿರುಪನ್ನು ಪಿನ್ ಸಡಿಲವಾಗೋ ತನಕ ತಿರುವಿದರೆ ಬೆರಳಲ್ಲೇ ಬರುತ್ತದೆ. ಕೊನೆಗೆ ಬಲಗಡೆಯ ಕೆಳಲಿಂಕ್, ನಂತರ ಎಡಗಡೆಯದು. ಬಿಚ್ಚೋದಕ್ಕೆ ಮುಂಚೆ ಟಾಪ್ ಲಿಂಕ್ ಯಾವ ತೂತಿನಲ್ಲಿತ್ತು, ಎಷ್ಟು ಎಳೆ ಹೊರಗಿತ್ತು ಅನ್ನೋದರ ಒಂದು ಫೋಟೊ ಮೊಬೈಲಿನಲ್ಲಿ ತೆಗೆದಿಡಿ. ಎರಡು ವಾರದ ಮೇಲೆ ಅದೇ ನಿಮ್ಮ ಗುರು.

ಜೋಡಿಸೋದು ಇದರ ತಿರುಗುಮುರುಗು. ನೇರ ನಡುವಿಗೆ ಸರಿಯಾಗಿ ನಿಧಾನಕ್ಕೆ ರಿವರ್ಸ್ ಬನ್ನಿ. ಟ್ರ್ಯಾಕ್ಟರ್ ಅಲುಗುತ್ತಿರುವಾಗ ನಡುವೆ ಯಾರೂ ನಿಲ್ಲಬಾರದು, ದಾರಿ ತೋರಿಸೋದಕ್ಕೂ ಬೇಡ. ಎಂಜಿನ್ ಆರಿಸಿ ಇಳಿದು, ಎಡಗಡೆಯ ಕೆಳಲಿಂಕ್ ಮೊದಲು ಹಾಕಿ. ಕಾರಣ, ಹೆಚ್ಚಿನ ಟ್ರ್ಯಾಕ್ಟರುಗಳಲ್ಲಿ ಬಲಗಡೆಯ ರಾಡಿಗೆ ಎತ್ತರ ಹೊಂದಿಸೋ ಹಿಡಿಕೆ ಇರುತ್ತದೆ. ಎಡ ಕೂತ ಮೇಲೆ ಬಲವನ್ನು ಅದರಿಂದ ಮೇಲೆ-ಕೆಳಗೆ ಮಾಡಿ ಕೂರಿಸಬಹುದು. ನಂತರ ಟಾಪ್ ಲಿಂಕ್, ಪಕ್ಕದ ಸರಪಳಿ ಬಿಗಿ, ಕೊನೆಗೆ ಶಾಫ್ಟ್. ಪಿನ್ನಿಗೆ ಲಿಂಚ್ ಪಿನ್ನನ್ನೇ ಹಾಕಿ, ತಂತಿ ಸುತ್ತಿ ಹೊರಡಬೇಡಿ.

ಶಾಫ್ಟಿನ ವಿಷಯದಲ್ಲಿ ಎರಡು ಮಾತು ಹೆಚ್ಚು ಹೇಳ್ತೀನಿ, ಯಾಕಂದ್ರೆ ದುಡ್ಡು ಹೋಗೋದು ಇಲ್ಲೇ. ಶಿಗ್ಗಾವಿ, ಹಿರೇಕೆರೂರು ಕಡೆ ಬಾಡಿಗೆಗೋ ಪಕ್ಕದ ಮನೆಯಿಂದಲೋ ತಂದ ರೋಟಾವೇಟರನ್ನು ನಮ್ಮ ಟ್ರ್ಯಾಕ್ಟರಿಗೆ ಹಾಕೋದು ಮಾಮೂಲಿ. ಬೇರೆ ಟ್ರ್ಯಾಕ್ಟರಿನ ಶಾಫ್ಟ್ ಉದ್ದ ಹೊಂದಲೇಬೇಕು ಅಂತಿಲ್ಲ. ಎಂಜಿನ್ ಚಾಲೂ ಮಾಡಿ, ಪಿಟಿಒ ಬಂದ್ ಇಟ್ಟೇ, ಸೀಟಿನಲ್ಲಿ ಕೂತು ನಿಧಾನಕ್ಕೆ ಎತ್ತಿ ಇಳಿಸಿ ನೋಡಿ. ಎಷ್ಟೇ ಒಳಗೆ ಸರಿದರೂ ಪೈಪಿನ ತುದಿಗಳು ಮುಟ್ಟಬಾರದು. ಮುಟ್ಟಿದರೆ ಪಿಟಿಒ ಬೇರಿಂಗ್, ಗೇರ್‌ಬಾಕ್ಸ್ ಎರಡಕ್ಕೂ ಪೆಟ್ಟು. ಪೂರ್ತಿ ಚಾಚಿದಾಗ ಒಂದರೊಳಗೊಂದು ಚೆನ್ನಾಗಿ ಕೂಡಿರಲೂ ಬೇಕು.

ಇನ್ನೊಂದು, ಶಾಫ್ಟಿನ ಎರಡು ಅರ್ಧ ಬೇರೆ ಮಾಡಿ ಮತ್ತೆ ಸೇರಿಸಿದಾಗ ಚೌಕ ಪೈಪ್ ಇದ್ದರೆ ತಪ್ಪಾಗಿ ಕೂರಬಹುದು. ಒಳಗಿನ ಎರಡೂ ಕವೆಗಳು ಒಂದೇ ನೇರಕ್ಕೆ ಇರಬೇಕು, ಇಲ್ಲದಿದ್ದರೆ ನಡುಗುತ್ತದೆ. ನಡುಗಿದರೆ ಗೇರ್ ಬದಲಿಸಿ ನೋಡಬೇಡಿ, ಮೊದಲು ಶಾಫ್ಟ್ ನೋಡಿ.

540 ಸುತ್ತಿನ ಪಿಟಿಒ ಅಂದರೆ ಸೆಕೆಂಡಿಗೆ ಒಂಬತ್ತು ಸುತ್ತು. ಹೆಗಲ ಮೇಲಿನ ಟವೆಲ್ಲಿನ ತುದಿ ಸಿಕ್ಕರೆ ಕೈ ಎಳೆದುಕೊಳ್ಳಲು ಸಮಯವೇ ಇರೋದಿಲ್ಲ. ಟವೆಲ್ ತೆಗೆದಿಟ್ಟು, ಶಾಫ್ಟಿನ ಪ್ಲಾಸ್ಟಿಕ್ ಕವರ್ ಒಡೆದಿದ್ದರೆ ಹೊಸದು ಹಾಕಿಸಿ. ಬಿಚ್ಚಿದ ಶಾಫ್ಟನ್ನು ಮಣ್ಣಿನಲ್ಲಿ ಬಿಸಾಕದೆ ಗೋಡೆಗೆ ತೂಗು ಹಾಕಿ, ಹಲ್ಲುಗಳಿಗೆ ಒಂದಿಷ್ಟು ಗ್ರೀಸ್ ಸವರಿಡಿ.