ಸೆರಗಿನ ಗಂಟು ಬಿಚ್ಚುವ ಮುನ್ನ

ಸಂತೆಯಲ್ಲಿ ನಿಮ್ಮನ್ನು ನೋಡಿದ್ದೇನೆ. ಬದನೆಕಾಯಿಯನ್ನು ತಿರುಗಿಸಿ ಮುರುಗಿಸಿ ಹುಳುಕು ಹುಡುಕುತ್ತೀರಿ. ಕೊತ್ತಂಬರಿ ಕಟ್ಟಿಗೆ ಎರಡು ರೂಪಾಯಿ ಇಳಿಸಲು ಹತ್ತು ನಿಮಿಷ ನಿಲ್ಲುತ್ತೀರಿ. ಅದೇ ನೀವು ಐವತ್ತು ಸಾವಿರದ ಸಾಲದ ಕಾಗದಕ್ಕೆ ಅವರು ಬೆರಳಿಟ್ಟ ಕಡೆಯೆಲ್ಲ ಸಹಿ ಹಾಕಿ, ಬಸ್ಸಿಗೆ ಹೊತ್ತಾಯಿತೆಂದು ಎದ್ದು ಬರುತ್ತೀರಿ! ಬೈದೆನೆಂದು ಬೇಸರ ಬೇಡ. ಬರುವ ದುಡ್ಡು ಕಡಿಮೆಯಿದ್ದಷ್ಟೂ ಕಾವಲು ಹೆಚ್ಚಿರಬೇಕು.

ಮೊದಲು ಅಂಗಡಿಯ ಮಾತು. ಮಿಕ್ಸಿಯಾಗಲಿ, ಮೊಬೈಲಾಗಲಿ, ಬಿಲ್ಲಿಲ್ಲದೆ ಮನೆಗೆ ತರಬೇಡಿ. "ಬಿಲ್ ಬೇಡ ಅಂದ್ರೆ ಇನ್ನೂರು ಕಮ್ಮಿ" ಎನ್ನುವ ಮಾತಿಗೆ ಮರುಳಾಗಬೇಡಿ. ನಾಳೆ ಮಿಕ್ಸಿ ಕೆಟ್ಟರೆ ನೀವು ಅಲ್ಲೇ ಕೊಂಡಿರಿ ಎನ್ನಲು ಸಾಕ್ಷಿ ಆ ಒಂದು ಚೀಟಿ. ಪೊಟ್ಟಣದ ಮೇಲಿನ ಎಂ.ಆರ್.ಪಿ.ಯಲ್ಲಿ ಎಲ್ಲ ತೆರಿಗೆಯೂ ಸೇರಿರುತ್ತದೆ. ಫ್ರಿಜ್ಜಿನಲ್ಲಿಟ್ಟಿದ್ದಕ್ಕೆಂದು ಅಂಗಡಿಯವರು ಮೇಲೆ ಎರಡು ರೂಪಾಯಿ ಕೇಳುವಂತಿಲ್ಲ. "ಮಾರಿದ ಮಾಲು ವಾಪಸ್ ಇಲ್ಲ" ಎಂಬ ಬೋರ್ಡಿಗೂ ಹೆದರಬೇಡಿ. ಬಿಲ್ ಕೊಡದಿರುವುದನ್ನೂ, ದೋಷವಿರುವ ಮಾಲನ್ನು ಹಿಂದಕ್ಕೆ ಪಡೆಯಲು ಒಪ್ಪದಿರುವುದನ್ನೂ 2019ರ ಗ್ರಾಹಕ ರಕ್ಷಣಾ ಕಾಯ್ದೆ ಅನುಚಿತ ವ್ಯಾಪಾರ ಪದ್ಧತಿ ಎಂದೇ ಕರೆಯುತ್ತದೆ.

ಮೊದಲು ಅಂಗಡಿಯವರೊಂದಿಗೆ ಸಮಾಧಾನವಾಗಿ ಮಾತಾಡಿ. ಮಾತು ಬಲ್ಲವನಿಗೆ ಜಗಳವಿಲ್ಲ. ಬಗ್ಗದಿದ್ದರೆ 1915ಕ್ಕೆ ಫೋನ್ ಮಾಡಿ. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕನ್ನಡದಲ್ಲೇ ಹೇಳಿಕೊಳ್ಳಬಹುದು. ಅಲ್ಲಿಯೂ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕರ ಆಯೋಗವಿದೆ. ನೀವು ಕೊಟ್ಟ ಬೆಲೆ 5 ಲಕ್ಷ ರೂಪಾಯಿಯೊಳಗಿದ್ದರೆ ದೂರಿಗೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ. ಆದರೆ ಎರಡು ವರ್ಷದೊಳಗೆ ಹೋಗಬೇಕು. ಬಿಲ್ಲನ್ನು ಅಕ್ಕಿ ಡಬ್ಬಿಯಲ್ಲಿಟ್ಟು ಮರೆಯಬೇಡಿ. ಶಾಯಿ ಮಾಸುವ ಮುನ್ನ ಫೋಟೋ ತೆಗೆದಿಡಿ.

ಇನ್ನು ಫೋನು. ನಮ್ಮ ಬೀದಿಯ ಹುಡುಗನೊಬ್ಬ ಹಳೆಯ ಮಂಚ ಮಾರಲು ಹೊರಟಿದ್ದ. ಕೊಳ್ಳುವೆನೆಂದವನು ಚೌಕಾಸಿಯನ್ನೇ ಮಾಡಲಿಲ್ಲ. "ಈ ಕೋಡ್ ಸ್ಕ್ಯಾನ್ ಮಾಡಿ ಪಿನ್ ಒತ್ತಿ, ದುಡ್ಡು ಬರುತ್ತೆ" ಎಂದ. ಹುಡುಗ ಒತ್ತಿದ. ಮಂಚ ಇಲ್ಲೇ ಉಳಿಯಿತು, ತಿಂಗಳ ಸಂಬಳ ಹೋಯಿತು. ನೆನಪಿಡಿ: ಯುಪಿಐ ಪಿನ್ ಒತ್ತುವುದು ದುಡ್ಡು ಕೊಡುವುದಕ್ಕೆ. ಬರುವ ದುಡ್ಡಿಗೆ ಪಿನ್ ಬೇಕಿಲ್ಲ. ಒಟಿಪಿಯನ್ನು ಯಾರಿಗೂ ಹೇಳಬೇಡಿ, ಬ್ಯಾಂಕಿನವನೆಂದು ಆಣೆ ಇಟ್ಟರೂ ಸರಿಯೇ.

"ಇವತ್ತು ರಾತ್ರಿ ಕರೆಂಟ್ ಕಟ್", "ನಿಮ್ಮ ಕೆವೈಸಿ ಮುಗಿದಿದೆ", "ನಿಮ್ಮ ಹೆಸರಿನ ಪಾರ್ಸೆಲ್‌ನಲ್ಲಿ ಮಾದಕವಸ್ತು ಸಿಕ್ಕಿದೆ" — ಇವೆಲ್ಲದರಲ್ಲೂ ಒಂದೇ ಆಟ. ನಿಮಗೆ ಯೋಚಿಸಲು ಬಿಡಬಾರದು, ಅಷ್ಟೇ. ಆತುರಗಾರನಿಗೆ ಬುದ್ಧಿ ಮಟ್ಟ ಎಂಬುದು ನಮಗಿಂತ ಆ ಕಳ್ಳನಿಗೆ ಚೆನ್ನಾಗಿ ಗೊತ್ತು. ವಿಡಿಯೋ ಕಾಲಿನಲ್ಲಿ ಖಾಕಿ ತೊಟ್ಟು "ಡಿಜಿಟಲ್ ಅರೆಸ್ಟ್" ಎಂದು ಗದರಿದರೆ ಫೋನ್ ಇಟ್ಟುಬಿಡಿ. ಅಂಥ ಬಂಧನ ನಮ್ಮ ಕಾನೂನಿನಲ್ಲೇ ಇಲ್ಲ.

ಉಳಿತಾಯದಲ್ಲೂ ನಿಮ್ಮದು ಉದಾರ ಮನಸ್ಸು. ತಿಂಗಳಿಗೆ ನೂರಕ್ಕೆ ಐದು ಕೊಡುತ್ತೇವೆ ಎಂದರೆ ಕಣ್ಣು ಮುಚ್ಚಿ ಒಡವೆ ಅಡವಿಟ್ಟು ತಂದು ಸುರಿಯುತ್ತೀರಿ. ಎಲ್ಲಿ ದುಡಿಸಿ ಅಷ್ಟು ತರುತ್ತಾರೆ ಎಂದು ಒಂದು ಮಾತು ಕೇಳುವುದಿಲ್ಲ. ಬೆಳ್ಳಗಿರುವುದೆಲ್ಲ ಹಾಲಲ್ಲ. ಬ್ಯಾಂಕ್ ಮುಳುಗಿದರೆ 5 ಲಕ್ಷದವರೆಗಿನ ಠೇವಣಿಗೆ ವಿಮೆ ಉಂಟು. ಅದು ಸಹಕಾರಿ ಬ್ಯಾಂಕಿಗೂ ಅನ್ವಯಿಸುತ್ತದೆ, ಆದರೆ ಸಹಕಾರ ಸಂಘಕ್ಕೂ ಸೌಹಾರ್ದ ಸೊಸೈಟಿಗೂ ಇಲ್ಲ. ಬೋರ್ಡಿನಲ್ಲಿ ಯಾವ ಪದವಿದೆ ಎಂದು ಸರಿಯಾಗಿ ಓದಿ. ಚೀಟಿ ಹಾಕುವುದಾದರೆ ನೋಂದಣಿಯಾದ ಕಡೆ ಹಾಕಿ, ಒಪ್ಪಂದದ ಪ್ರತಿ ಕೇಳಿ, ಪ್ರತಿ ಕಂತಿಗೂ ರಸೀದಿ ಪಡೆಯಿರಿ. "ನಮ್ಮವರೇ, ರಸೀದಿ ಕೇಳಿದರೆ ಏನಂದುಕೊಳ್ಳುತ್ತಾರೋ" ಎಂಬ ಸಂಕೋಚ ಬೇಡ. ತಾಯಿ ಮಕ್ಕಳಾದರೂ ಬಾಯಿ ಹೊಟ್ಟೆ ಬೇರೆ.

ಸಾಲ ಬೇಕೇ ಬೇಕು ಎಂದಾದರೆ, ಬಡ್ಡಿ, ಶುಲ್ಕ, ಕಂತು ಎಲ್ಲ ಒಂದೇ ಕಡೆ ಬರೆದಿರುವ ಮುಖ್ಯಾಂಶಗಳ ಪತ್ರವನ್ನು ಕೇಳಿ. ಅದನ್ನು ನಿಮಗೆ ತಿಳಿಯುವ ಭಾಷೆಯಲ್ಲೇ ಕೊಡಬೇಕೆಂದು ರಿಸರ್ವ್ ಬ್ಯಾಂಕ್ ಹೇಳಿದೆ. ಮೈಕ್ರೋಫೈನಾನ್ಸ್ ಸಾಲದ ವಸೂಲಿಯವರು ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ಫೋನ್ ಮಾಡಿ ಕಾಡುವಂತಿಲ್ಲ. ನಮ್ಮ ರಾಜ್ಯದಲ್ಲಿ 2025ರಲ್ಲಿ ಬಲವಂತದ ವಸೂಲಿ ತಡೆಯಲು ಸುಗ್ರೀವಾಜ್ಞೆಯೂ ಬಂತು. ಮನೆ ಮುಂದೆ ಕೂಗಾಡಿದರೆ ಪೊಲೀಸರಿಗೆ ಹೇಳಿ. ಹಾಗೆಂದು ಒಂದು ಸಂಘದ ಕಂತು ಕಟ್ಟಲು ಇನ್ನೊಂದು ಸಂಘದಲ್ಲಿ ಸಾಲ ಎತ್ತಬೇಡಿ. ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕು ಎಂದು ನಿಮಗೆ ನಾನು ಹೊಸದಾಗಿ ಹೇಳಬೇಕೆ?

ಇಷ್ಟಾದರೂ ಮೋಸ ಹೋದಿರೋ, ಆ ಗಳಿಗೆಯಲ್ಲೇ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೂ ತಿಳಿಸಿ. ಹೋದ ದುಡ್ಡು ಕಳ್ಳನ ಖಾತೆಯಿಂದ ಮುಂದಕ್ಕೆ ಜಾರುವ ಮೊದಲೇ ತಡೆಯಬೇಕು. ನೀವೋ, ಗಂಡ ಬೈದಾನು, ಸೊಸೆ ನಕ್ಕಾಳು ಎಂದು ಮೂರು ದಿನ ಒಳಗೊಳಗೇ ಕೊರಗುತ್ತೀರಿ. ಕದ್ದವನಿಗಿಲ್ಲದ ನಾಚಿಕೆ ಕಳೆದುಕೊಂಡ ನಿಮಗೇಕೆ? ನಮ್ಮ ಬೀದಿಯ ಆ ಹುಡುಗನೂ ನಾಲ್ಕನೇ ದಿನ ಬಾಯಿಬಿಟ್ಟ. ಅಷ್ಟರಲ್ಲಿ ಕೋಟೆ ಕೊಳ್ಳೆ ಹೋಗಿತ್ತು.

ಈಗಲೇ ಎದ್ದು, ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ ಬರೆಯುವ ಜಾಗದ ಪಕ್ಕ ದಪ್ಪಕ್ಷರದಲ್ಲಿ ಬರೆಯಿರಿ: ಅಂಗಡಿಯ ಮೋಸಕ್ಕೆ 1915, ಫೋನಿನ ಮೋಸಕ್ಕೆ 1930. ಬರೆದಾಯಿತೇ? ಹಾಗಾದರೆ ಮಿಕ್ಸಿಯ ಬಿಲ್ಲು ಎಲ್ಲಿದೆ, ಹುಡುಕಿ ನೋಡೋಣ.