ಬೇಯದ ಮೀನು, ಬೆಂದ ಅನ್ನ

ಜಪಾನೀಯರ ಊಟದಲ್ಲಿ ಕೈಸೆನ್‌ದೊನ್ ಎಂಬುದೊಂದು ಜನಪ್ರಿಯ ಭಕ್ಷ್ಯ. ‘ಕೈಸೆನ್’ ಎಂದರೆ ಕಡಲಿನ ಆಹಾರ. ‘ದೊನ್’ ಎಂಬುದು ‘ದೊಂಬುರಿ’, ಅಂದರೆ ಆಳವಾದ ಬಟ್ಟಲು, ಎಂಬುದರ ಸಂಕ್ಷೇಪ. ಬಟ್ಟಲಿನಲ್ಲಿ ಅನ್ನ, ಅದರ ಮೇಲೆ ಹಸಿ ಮೀನಿನ ಹೋಳುಗಳು, ಸೀಗಡಿ, ಸಾಲ್ಮನ್ ಮೀನಿನ ತತ್ತಿಗಳು. ಇಷ್ಟೇ ಅದರ ಸ್ವರೂಪ. ಹೊಕ್ಕೈಡೊ ದ್ವೀಪದ ಹಕೊದಾತೆ ನಗರದ ಬೆಳಗಿನ ಸಂತೆ ಇದಕ್ಕೆ ಹೆಸರಾದುದು.

ಅಡುಗೆಯಲ್ಲಿ ಬೆಂಕಿಯು ಎರಡು ಕೆಲಸಗಳನ್ನು ಮಾಡುತ್ತದೆ. ಆಹಾರವನ್ನು ಮೃದುವಾಗಿಸುವುದು ಒಂದು. ಅದರಲ್ಲಿರಬಹುದಾದ ಅಪಾಯಕರ ಜೀವಿಗಳನ್ನು ಕೊಲ್ಲುವುದು ಮತ್ತೊಂದು. ಮೀನು ಬೆಂಕಿಯನ್ನೇ ಕಾಣದಿದ್ದ ಮೇಲೆ ಈ ಎರಡನೆಯ ಕೆಲಸವನ್ನು ಮಾಡುವುದು ಯಾವುದು? ಈ ಭಕ್ಷ್ಯವನ್ನು ಮನೆಯಲ್ಲಿ ಸಿದ್ಧಪಡಿಸುವ ಕ್ರಮವನ್ನು ಅನುಸರಿಸುತ್ತ ನಾವು ಇದನ್ನು ವಿಚಾರಿಸೋಣ.

ಮೊದಲು ಅನ್ನ. ಅಕ್ಕಿಯ ಪಿಷ್ಟದಲ್ಲಿ ಅಮೈಲೋಸ್, ಅಮೈಲೋಪೆಕ್ಟಿನ್ ಎಂಬ ಎರಡು ಘಟಕಗಳುಂಟು. ಜಪಾನಿನ ಗಿಡ್ಡ ಕಾಳಿನ ಅಕ್ಕಿಯಲ್ಲಿ ಅಮೈಲೋಸ್ ಕಡಮೆ. ಆದುದರಿಂದಲೇ ಅದರ ಅಗುಳುಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. 300 ಗ್ರಾಂ ಅಕ್ಕಿಯನ್ನು ತೊಳೆದು, ಅರ್ಧ ಗಂಟೆ ನೆನೆಯಿಟ್ಟು ಬೇಯಿಸಬೇಕು. 4 ದೊಡ್ಡ ಚಮಚ ಅಕ್ಕಿಯ ವಿನಿಗರ್, 2 ದೊಡ್ಡ ಚಮಚ ಸಕ್ಕರೆ, 1 ಚಿಕ್ಕ ಚಮಚ ಉಪ್ಪು ಇವುಗಳನ್ನು ಕಲಸಿ, ಅಗಲವಾದ ಮರಿಗೆಯಲ್ಲಿ ಹರಡಿದ ಬಿಸಿ ಅನ್ನಕ್ಕೆ ಬೆರೆಸಿ, ಬೀಸಣಿಗೆಯಿಂದ ಗಾಳಿ ಹಾಕಬೇಕು. 1 ಗ್ರಾಂ ನೀರು ಆವಿಯಾಗಲು ಸುಮಾರು 540 ಕ್ಯಾಲೊರಿ ಶಾಖ ಬೇಕೆಂಬುದನ್ನು ನಾವು ಬಲ್ಲೆವು. ಈ ಗುಪ್ತೋಷ್ಣವನ್ನು ನೀರು ಅನ್ನದಿಂದಲೇ ಪಡೆಯುತ್ತದೆ. ಆವಿ ತುಂಬಿದ ಗಾಳಿಯನ್ನು ಬೀಸಣಿಗೆಯು ಆಚೆಗೆ ನೂಕುವುದರಿಂದ ಅನ್ನವು ಬೇಗನೆ ಆರುತ್ತದೆ.

ವಿನಿಗರ್ ಕೇವಲ ರುಚಿಗಾಗಿ ಅಲ್ಲ. ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯದ ಬೀಜಾಣುಗಳು ಕುದಿಯುವ ನೀರಿನಲ್ಲಿಯೂ ಉಳಿಯಬಲ್ಲವು. ಅನ್ನವು ಬೆಚ್ಚಗೆ ಬಹಳ ಹೊತ್ತು ಇದ್ದರೆ ಮೊಳೆತು ವೃದ್ಧಿಯಾಗುತ್ತವೆ. ಆಮ್ಲವು ಈ ವೃದ್ಧಿಯನ್ನು ತಡೆಯುತ್ತದೆ.

ಇನ್ನು ಮೀನು. ಸಾಲ್ಮನ್, ಬಂಗುಡೆ ಜಾತಿಯ ಸಬಾ ಮೊದಲಾದ ಕಡಲ ಮೀನುಗಳಲ್ಲಿ ಅನಿಸಾಕಿಸ್ ಎಂಬ ಹುಳುವಿನ ಮರಿಗಳಿರುವುದುಂಟು. ಅವು 2ರಿಂದ 3 ಸೆಂಟಿಮೀಟರ್ ಉದ್ದದ ಬಿಳಿಯ ದಾರದಂತಿರುತ್ತವೆ. ಜೀವಂತವಾಗಿ ಹೊಟ್ಟೆಯನ್ನು ಸೇರಿದರೆ ಜಠರದ ಗೋಡೆಯನ್ನು ಕೊರೆದು ತೀವ್ರವಾದ ನೋವನ್ನುಂಟುಮಾಡುತ್ತವೆ. ವಿನಿಗರ್, ಉಪ್ಪು, ಸೋಯಾ ಸಾಸ್, ಖಾರವಾದ ವಸಾಬಿ ಇವು ಹುಳುವನ್ನು ಕೊಲ್ಲುವುವೆಂಬ ಭಾವನೆ ತಪ್ಪು. ಅಡುಗೆಗೆ ಬಳಸುವ ಪ್ರಮಾಣದಲ್ಲಿ ಇವುಗಳಿಂದ ಅದು ಸಾಯದೆಂದು ಜಪಾನಿನ ಆರೋಗ್ಯ ಸಚಿವಾಲಯವು ಎಚ್ಚರಿಸಿದೆ. ಅದನ್ನು ಕೊಲ್ಲುವುದು 60 ಡಿಗ್ರಿ ಸೆಲ್ಸಿಯಸ್‌ನಲ್ಲಿ 1 ನಿಮಿಷದ ಶಾಖ. ಇಲ್ಲವೆ ಸೊನ್ನೆಗಿಂತ 20 ಡಿಗ್ರಿ ಕೆಳಗೆ 24 ಗಂಟೆಗಳ ಶೈತ್ಯ. ಬೆಂಕಿಯ ಕೆಲಸವನ್ನು ಇಲ್ಲಿ ಶೈತ್ಯವು ವಹಿಸಿಕೊಳ್ಳುತ್ತದೆ. ಅಮೆರಿಕದ ನಿಯಮವು ಇದೇ ಉಷ್ಣತೆಯಲ್ಲಿ 7 ದಿನಗಳನ್ನು ವಿಧಿಸುತ್ತದೆ. ಮನೆಯ ಫ್ರೀಜರಿನ ಉಷ್ಣತೆಯು ಸಾಮಾನ್ಯವಾಗಿ ಸೊನ್ನೆಗಿಂತ 18 ಡಿಗ್ರಿ ಮಾತ್ರ ಕೆಳಗಿರುವುದರಿಂದ ಅದನ್ನು ನಂಬುವಂತಿಲ್ಲ. ಹಸಿಯಾಗಿ ತಿನ್ನಲೆಂದೇ ಹೆಪ್ಪುಗಟ್ಟಿಸಿ ಮಾರುವ ಮೀನನ್ನೇ ಕೊಳ್ಳಬೇಕು.

ಹೆಪ್ಪುಗಟ್ಟಿಸುವ ವೇಗವೂ ಮುಖ್ಯ. ನಿಧಾನವಾಗಿ ಹೆಪ್ಪುಗಟ್ಟಿದರೆ ಮಂಜಿನ ಹರಳುಗಳು ದೊಡ್ಡದಾಗಿ ಬೆಳೆದು ಜೀವಕೋಶಗಳನ್ನು ಹರಿಯುತ್ತವೆ. ಕರಗುವಾಗ ರಸವು ಸೋರಿ ಮೀನು ಸಪ್ಪೆಯಾಗುತ್ತದೆ. ವೇಗವಾಗಿ ಹೆಪ್ಪುಗಟ್ಟಿದರೆ ಹರಳುಗಳು ಚಿಕ್ಕವಾಗಿ ಉಳಿಯುತ್ತವೆ.

ಶೈತ್ಯವು ಹುಳುವನ್ನು ಕೊಂದರೂ ಬ್ಯಾಕ್ಟೀರಿಯಗಳನ್ನೆಲ್ಲ ಕೊಲ್ಲದು. ಅವು ಜಡವಾಗಿದ್ದು, ಬೆಚ್ಚಗಾದೊಡನೆ ಮತ್ತೆ ಚುರುಕಾಗುತ್ತವೆ. ಆದುದರಿಂದ ಮೀನನ್ನು ನೀರು ಹೋಗದ ಚೀಲದಲ್ಲಿ ಕಟ್ಟಿ, ಮಂಜುಗಡ್ಡೆ ಹಾಕಿದ ನೀರಿನಲ್ಲಿ ಮುಳುಗಿಸಿ ಕರಗಿಸಬೇಕು. ನೀರು ಗಾಳಿಗಿಂತ ಬಹಳ ವೇಗವಾಗಿ ಶಾಖವನ್ನು ಸಾಗಿಸುತ್ತದೆ. ಆದರೂ ಅದರ ಉಷ್ಣತೆ ಸೊನ್ನೆಯ ಬಳಿಯಲ್ಲಿಯೇ ಇರುತ್ತದೆ.

ಅನ್ನವು ಮೈಬಿಸಿಯಷ್ಟಾದಾಗ ಬಟ್ಟಲಿಗೆ ಹಾಕಿ, ಮೀನನ್ನು ತೆಳುವಾಗಿ ಹೋಳುಮಾಡಿ ಮೇಲೆ ಜೋಡಿಸಿ, ಸೋಯಾ ಸಾಸಿನಲ್ಲಿ ವಸಾಬಿಯನ್ನು ಕದಡಿ ಸುರಿದು ಕೂಡಲೇ ಊಟಮಾಡಬೇಕು. ಉಳಿದುದನ್ನು ಮರುದಿನಕ್ಕೆ ಇಡಬಾರದು. ತಕ್ಕ ಮೀನು ದೊರೆಯದಿದ್ದರೆ ಬೇಯಿಸಿದ ಸೀಗಡಿಯನ್ನೇ ಬಳಸಬಹುದು. ಆಗ ಶೈತ್ಯಕ್ಕೆ ಒಪ್ಪಿಸಿದ ಕೆಲಸವು ಮರಳಿ ಬೆಂಕಿಯ ಪಾಲಿಗೆ ಬರುತ್ತದೆ, ಅಷ್ಟೆ.